ಹಳತೇ ಇರಲಿ ಎನ್ನುವವರು ಎನ್ ಒತ್ತಿ

ಬೈಂದೂರು ಬಸ್‌ಸ್ಟ್ಯಾಂಡಿನ ಟೈಮ್‌ಕೀಪರ್ ಗಣಪನಿಗೆ ಕಂಪ್ಯೂಟರ್ ಗೊತ್ತಿದೆ ಎಂದು ಮೊದಲು ಹೇಳಿದವನು ಗಣಪನೇ. ಆಮೇಲೆ ಬೇರೆ ಯಾರೂ ಹಾಗೆ ಹೇಳಿದ ದಾಖಲೆ ಇಲ್ಲ. ಆದರೂ ನಾಲ್ಕು ವರ್ಷದಿಂದ ಅವನ ಕಿಟಕಿಯ ಮೇಲೆ 'ಗಣಪ ಕೆ., ಸಿಸ್ಟಮ್ ಇನ್‌ಚಾರ್ಜ್' ಎಂಬ ಬೋರ್ಡು ತೂಗುತ್ತಿದೆ. ಅದರ ಕೆಳಗೇ ನನ್ನ ಗಡಿಯಾರ ರಿಪೇರಿಯ ಗಾಜಿನ ಪೆಟ್ಟಿಗೆ ಇರುವುದರಿಂದ ಮುಂದೆ ನಡೆದದ್ದನ್ನೆಲ್ಲ ನಾನು ಕೂತಲ್ಲಿಂದಲೇ ನೋಡಿದೆ. ಈಗ ಗಡಿಯಾರ ರಿಪೇರಿಗೆ ಬರುವವರು ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ನೋಡಲು ಪುರುಸೊತ್ತೂ ಇತ್ತು.

ಮೊದಲೆಲ್ಲ ಗಣಪ ಮೈಕ್ ಹಿಡಿದು ಬಸ್ಸುಗಳ ಹೆಸರನ್ನು ತಾನೇ ಕೂಗುತ್ತಿದ್ದ. ಬಸ್ ಮಾಲೀಕರ ಸಂಘದವರಿಗೆ ಅದು ಹಳೇ ಕಾಲದ್ದು ಅನ್ನಿಸಿ, ಕುಂದಾಪುರದಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಮಿಥುನ್ ಎಂಬವನಿಂದ ಒಂದು ಯಂತ್ರ ಕೂರಿಸಿದರು. ಅದು ಹೆಣ್ಣುದನಿಯಲ್ಲಿ ವೇಳೆ ಸಾರುತ್ತದೆ. ನಮ್ಮಲ್ಲಿ ಡ್ರೈವರುಗಳು ಹೊರಡುವುದು ಗಡಿಯಾರ ನೋಡಿ ಅಲ್ಲ, ಆ ಹೆಂಗಸು ಹೇಳಿದ ಮೇಲೆ. ಹೇಳುವ ಮೊದಲು ಹೊರಟರೆ ಹಿಂದಿನ ಬಸ್ಸಿನವನು ಜಗಳಕ್ಕೆ ಬರುತ್ತಾನೆ, ಹೇಳಿದ ಮೇಲೂ ನಿಂತರೆ ಹಿಂದಿನ ಬಸ್ಸಿನವನು ಕೈಮಾಡಲೇ ಬರುತ್ತಾನೆ. ಒಟ್ಟಿನಲ್ಲಿ ಯಂತ್ರದ ಮಾತೇ ಅಂತಿಮ.

ಮಿಥುನ್ ಹೋಗುವಾಗ ಗಣಪನಿಗೆ ಒಂದು ಫೈಲು ತೋರಿಸಿಕೊಟ್ಟಿದ್ದ. ಯಾವ ಬಸ್ಸನ್ನು ಎಷ್ಟು ನಿಮಿಷ ಮೊದಲು ಅಥವಾ ತಡವಾಗಿ ಸಾರಬೇಕು, ಜೊತೆಗೆ ಏನು ಹೇಳಬೇಕು ಎಂಬುದನ್ನು ಅದರಲ್ಲಿ ಬರೆದರೆ ಯಂತ್ರ ಹಾಗೇ ಮಾಡುತ್ತದೆ. ಯಾಕೆ ಬರೆದದ್ದು ಎಂದು ನೆನಪಿಗೆ ಏನಾದರೂ ಗೀಚುವುದಿದ್ದರೆ ಮುಂದೊಂದು ಹ್ಯಾಶ್ ಗುರುತು ಹಾಕಬೇಕು, ಹ್ಯಾಶ್ ಹಾಕಿದ ಸಾಲನ್ನು ಅದು ಓದುವುದಿಲ್ಲ ಎಂದಿದ್ದ. ಓದದೇ ಇರುವುದು ಯಂತ್ರ ಮಾತ್ರ ಎಂಬುದು ಮಿಥುನನ ಮಾತಿನ ಅರ್ಥ. ಗಣಪ ಮಾತ್ರ ಅದನ್ನು ಲೋಕದಲ್ಲಿ ಯಾರೂ ಓದುವುದಿಲ್ಲ ಎಂದು ತಿಳಿದುಕೊಂಡ. ಇಷ್ಟು ಭದ್ರವಾದ ಜಾಗ ಸಿಕ್ಕರೆ ಯಾರು ಬಿಡುತ್ತಾರೆ? ನಾಲ್ಕು ವರ್ಷ ಅವನು ಮನಸ್ಸಿನಲ್ಲಿದ್ದದ್ದನ್ನೆಲ್ಲ ಹ್ಯಾಶ್ ಹಾಕಿ ಹಾಕಿ ಅಲ್ಲಿ ಬರೆದ.

ಹೋದ ತಿಂಗಳು ಯಂತ್ರ ದಿನಾ ಬೆಳಿಗ್ಗೆ ಒಂದು ಸೂಚನೆ ತೋರಿಸಲು ಶುರುಮಾಡಿತು. ತನ್ನ ಒಳಗಿನ ವ್ಯವಸ್ಥೆ ಹಳತಾಗಿದೆ, ಹೊಸ ಆವೃತ್ತಿ ಹಾಕಿಕೊಳ್ಳಿ, ಇಲ್ಲದಿದ್ದರೆ ಮುಂದಿನದಕ್ಕೆ ತಾನು ಜವಾಬ್ದಾರಿಯಲ್ಲ ಎಂದು. ಸಂಘದ ಅಧ್ಯಕ್ಷರಾದ ರತನ್ ಶೆಟ್ಟರು ಇದನ್ನು ಓದಿ, ಹೊಸ ಆವೃತ್ತಿ ಬಂದರೆ ಯಂತ್ರ ತಾನಾಗಿಯೇ ನಡೆಯುತ್ತದಂತೆ, ಮತ್ತೆ ಟೈಮ್‌ಕೀಪರ್ ಯಾಕೆ ಎಂದು ಸಭೆಯಲ್ಲಿ ಕೇಳಿದರು. ಇಪ್ಪತ್ತೆರಡು ವರ್ಷದ ನೌಕರಿ ಒಂದು ಪ್ರಶ್ನೆಗೆ ಅಲ್ಲಾಡಿತು. ತಾನಿಲ್ಲದೆ ಯಂತ್ರ ಒಂದು ಹೆಜ್ಜೆಯೂ ಮುಂದೆ ಹೋಗದು ಎಂದು ತೋರಿಸಿದರೆ ಮಾತ್ರ ತಾನು ಉಳಿದೆ ಎಂದು ಗಣಪ ಲೆಕ್ಕ ಹಾಕಿದ. ಮಿಥುನ್ ತಾನೇ ಬಂದು ಮಾಡುತ್ತೇನೆ ಎಂದರೂ ಕೇಳದೆ, ಆ ಕೆಲಸವನ್ನು ಎಲ್ಲರೆದುರು ತಾನೊಬ್ಬನೇ ಮಾಡುವುದಾಗಿ ಘೋಷಿಸಿದ.

ಗುರುವಾರ ಬೆಳಿಗ್ಗೆ ಏಳಕ್ಕೆ ಮುಹೂರ್ತ. ಯಂತ್ರಕ್ಕೆ ಅಬ್ಬಲಿಗೆ ಮಾಲೆ ಹಾಕಿ, ತೆಂಗಿನಕಾಯಿ ಒಡೆದದ್ದಾಯಿತು. ಗಣಪನ ಹೆಂಡತಿಯ ಅಣ್ಣ ಸುಬ್ಬ, ಕಾರ್ಯಕ್ರಮ ಎಂದರೆ ತಿಂಡಿ ಇರುತ್ತದೆ ಎಂಬ ನಂಬಿಕೆಯಿಂದ ವಂಡ್ಸೆಯಿಂದ ಹಿಂದಿನ ದಿನವೇ ಬಂದು ಕೂತಿದ್ದ. ರತನ್ ಶೆಟ್ಟರು ಮುಂದಿನ ಕುರ್ಚಿಯಲ್ಲಿ. ಅವರ ಪಕ್ಕದಲ್ಲಿ ಇನ್ನೊಬ್ಬ ಬಸ್ ಮಾಲೀಕ ಸುಶಾಂತ್. ತನ್ನ ವಿದ್ಯೆ ಎಲ್ಲರಿಗೂ ಕಾಣಲಿ ಎಂದು ಗಣಪ ಯಂತ್ರದ ತಂತಿಯನ್ನು ಒಳಗಿನ ಸಣ್ಣ ಪರದೆಯಿಂದ ಕಿತ್ತು, ಪ್ರಯಾಣಿಕರ ಹಾಲಿನಲ್ಲಿ ತೂಗುಹಾಕಿದ್ದ ಬಾಗಿಲಗಲದ ಟಿ.ವಿ.ಗೆ ಸಿಕ್ಕಿಸಿದ. ಯಾರೂ ಹೇಳದೆ ಅವನಾಗಿ ಮಾಡಿದ್ದು ಇದೊಂದೇ ಕೆಲಸ.

ಅರ್ಧ ಗಂಟೆ ಟಿ.ವಿ.ಯಲ್ಲಿ ಇಂಗ್ಲಿಷ್ ಸಾಲುಗಳು ಮಳೆ ಬಂದ ಹಾಗೆ ಸುರಿದವು. ಗಣಪ ನಡುನಡುವೆ ತಲೆಯಾಡಿಸುತ್ತ, ಅದೆಲ್ಲ ತಾನು ಹೇಳಿದ ಹಾಗೇ ಆಗುತ್ತಿದೆ ಎಂಬಂತೆ ಮುಖ ಮಾಡಿಕೊಂಡಿದ್ದ. ಏಳೂ ಮೂವತ್ತೈದಕ್ಕೆ ಸಾಲುಗಳು ನಿಂತವು. ಯಂತ್ರ ಒಂದು ಪ್ರಶ್ನೆ ಕೇಳಿತು. ಬಸ್ಸಿನ ವೇಳೆ ಹಿಂದೆಮುಂದೆ ಮಾಡುವ ಈ ಫೈಲನ್ನು ನೀವೋ ಮತ್ತೊಬ್ಬರೋ ತಿದ್ದಿದ್ದೀರಿ. ನಮ್ಮ ಹೊಸ ಫೈಲು ಬೇಕೆನ್ನುವವರು ವೈ ಒತ್ತಿ, ಹಳತೇ ಇರಲಿ ಎನ್ನುವವರು ಎನ್ ಒತ್ತಿ, ಎರಡಕ್ಕೂ ಇರುವ ವ್ಯತ್ಯಾಸ ನೋಡಬೇಕೆನ್ನುವವರು ಡಿ ಒತ್ತಿ.

ಗಣಪ ಬೆವರಿದ. ಹೊಸತು ಬೇಕು ಅಂದರೆ ಹಳತು ಹೋಗುತ್ತದೆ, ಹಳತು ಬೇಕು ಅಂದರೆ ಹೊಸ ಆವೃತ್ತಿ ಹಾಕಿದ್ದೇ ದಂಡ ಎಂದು ಶೆಟ್ಟರು ಹೇಳುತ್ತಾರೆ. ಕುರ್ಚಿಯಲ್ಲಿ ಕೂತವರು ತಲಾ ಒಂದು ಸಲಹೆ ಕೊಟ್ಟರು. ಕೊಲ್ಲೂರು ಬಸ್ಸಿನ ಡ್ರೈವರ್ ಯಂತ್ರದ ಅಪ್ಪಣೆಗೆ ಕಾಯುತ್ತ ಇಂಜಿನ್ ಆರಿಸಿದ. ಅದರ ಹಿಂದೆ ಕುಂದಾಪುರದ ಎರಡು ಬಸ್ಸು ಸೇರಿಕೊಂಡು ಹಾರನ್ ಹಾಕತೊಡಗಿದವು. ಕೊನೆಗೆ ಗಣಪ ಮಾನ ಬಿಟ್ಟು ಮಿಥುನನಿಗೆ ಫೋನ್ ಮಾಡಿ, ಅವನು ಹೇಳುವುದು ಎಲ್ಲರಿಗೂ ಕೇಳಲಿ ಎಂದು ಸ್ಪೀಕರಿಗೂ ಹಾಕಿದ. ಮಿಥುನ್ ಮರವಂತೆಯ ಹತ್ತಿರ ಸ್ಕೂಟರಿನಲ್ಲಿದ್ದ, ಮಾತಿಗಿಂತ ಸಮುದ್ರದ ಗಾಳಿಯೇ ಹೆಚ್ಚು ಕೇಳುತ್ತಿತ್ತು.

"ಕಾಣ್ದೆ ಎಂತದೂ ಒತ್ತ್‌ಬೇಡಿ ಮರ್ರೆ. ಮೊದ್ಲ್ ಡಿ ಒತ್ತಿ, ವ್ಯತ್ಯಾಸ ಕಾಣಿ," ಎಂದ ಅವನು.

ಗಣಪ ಡಿ ಒತ್ತಿದ. ನಾಲ್ಕು ವರ್ಷದ ಫೈಲು ಹ್ಯಾಶ್‌ಗಳ ಸಮೇತ ಟಿ.ವಿ.ಯ ಮೇಲೆ ಬಿಚ್ಚಿಕೊಂಡಿತು.

ಹೊಸ ಫೈಲಿನಲ್ಲಿ ಎಲ್ಲ ಬಸ್ಸಿಗೂ ಸೊನ್ನೆ. ಹಾಗಾಗಿ ಗಣಪ ಬರೆದ ಪ್ರತಿ ಸಾಲಿನ ಮುಂದೆಯೂ, ಇದು ಹೋಗಲಿದೆ ಎಂಬ ಅರ್ಥದಲ್ಲಿ, ಯಂತ್ರ ಒಂದು ಮೈನಸ್ ಗುರುತು ಇಟ್ಟಿತ್ತು. ಎದುರಿಗೇ ಮೀನಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಸೀತುಗೆ ಓದಲು ಬಾರದು, ಆದರೆ ತನ್ನ ಹೆಸರಿನ ಆಕಾರ ಗೊತ್ತು. ಪಕ್ಕದಲ್ಲಿದ್ದ ಕಾಲೇಜಿನ ಹುಡುಗಿ ದೀಕ್ಷಾಗೆ, ಅಲ್ಲಿ ನನ್ನ ಹೆಸರಿದೆ, ಓದು ಎಂದಳು. ದೀಕ್ಷಾ ಭಾಷಣ ಸ್ಪರ್ಧೆಯಲ್ಲಿ ಬಹುಮಾನ ತೆಗೆದುಕೊಂಡವಳು. ಎದ್ದು ನಿಂತು, ಹಾಲಿನ ಕೊನೆಯವರಿಗೂ ಕೇಳುವಂತೆ ಓದಿದಳು. "ಏಳೂ ನಲವತ್ತೆರಡರ ಕೊಲ್ಲೂರು ಬಸ್ಸು ಮೂರು ನಿಮಿಷ ತಡ. ಸೀತುವಿನ ಬುಟ್ಟಿ ಹತ್ತುವ ತನಕ ಬಿಡುವಂತಿಲ್ಲ. ಬಿಟ್ಟರೆ ಅವಳ ಬಾಯಿಗೆ ಗೋಳಿಹೊಳೆಯವರೆಗಿನ ಕಾಗೆ ಹಾರುತ್ತದೆ."

ಸೀತು ಸೆರಗು ಸಿಕ್ಕಿಸಿಕೊಂಡು ಎದ್ದಳು.

"ಹ್ವಾಯ್ ಗಣಪಣ್ಣ, ನನ್ ಬಾಯಿಗೆ ಎಂತ ಆಯಿತ್?"

ಇದನ್ನು ಅವಳು ಎಷ್ಟು ಜೋರಾಗಿ ಕೇಳಿದಳೆಂದರೆ ಸ್ಟ್ಯಾಂಡಿನ ಮಾಡಿನ ಮೇಲಿದ್ದ ಕಾಗೆಗಳು ನಿಜಕ್ಕೂ ಹಾರಿದವು. ಗಣಪನ ಪರವಾಗಿ ಸಾಕ್ಷಿ ಸಿಕ್ಕಿದ್ದು ಅದೊಂದೇ, ಆದರೆ ಅದನ್ನು ಎತ್ತಿ ಹೇಳುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ.

ನಿಲ್ಲಿಸಲು ಯಾರೂ ಹೇಳದ್ದರಿಂದ ದೀಕ್ಷಾ ಮುಂದಿನ ಸಾಲಿಗೆ ಹೋದಳು. ಎಂಟೂ ಹತ್ತರ ಕುಂದಾಪುರ ಬಸ್ಸನ್ನು ಐದು ನಿಮಿಷ ಮೊದಲೇ ಸಾರಬೇಕು, ಡ್ರೈವರಿಗೆ ಹೇಳಿಟ್ಟಿದೆ, ಅವನು ಹತ್ತಕ್ಕೇ ಬಿಡುತ್ತಾನೆ, ಈಗ ಹೊರಡುತ್ತದೆ ಎಂದು ಸುಳ್ಳು ಹೇಳದೆ ಕುಸುಮಾವತಿ ಟೀಚರು ಬನ್ಸ್ ಮುಗಿಸಿ ಹೋಟೆಲಿನಿಂದ ಏಳುವುದಿಲ್ಲ ಎಂದಿತ್ತು. ಟೀಚರು ಅದೇ ಹೋಟೆಲಿನ ಬಾಗಿಲಲ್ಲಿ ಅದೇ ಬನ್ಸ್ ಹಿಡಿದು ನಿಂತಿದ್ದರು. ಬನ್ಸಿನ ವಿಷಯ ಅವರಿಗೆ ಅಷ್ಟು ನೋಯಲಿಲ್ಲ. ಅವರನ್ನು ಕೆರಳಿಸಿದ್ದು ಹೆಸರಿನ ಮುಂದಿನ ಮೈನಸ್. ಮರವಂತೆಯ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ತಾನು ಮಕ್ಕಳಿಗೆ ಅಂಕ ಹಾಕಿದವಳು, ಇವತ್ತಿನವರೆಗೆ ತನಗೆ ಮೈನಸ್ ಹಾಕಿದವರು ಹುಟ್ಟಿಲ್ಲ, ಇದನ್ನು ಮೇಲಿನವರಿಗೆ ಬರೆಯುತ್ತೇನೆ ಎಂದರು. ಮೇಲಿನವರು ಯಾರು ಎಂದು ಗಣಪ ಕೇಳಲಿಲ್ಲ.

ಮೂರನೆಯದು ಮನೆಯವರಿಗೇ ಬಂತು. ಸುಬ್ಬ ಭಾವ ಊರಿಗೆ ಬಂದ ದಿನ ಕುಂದಾಪುರ ಬಸ್ಸನ್ನೆಲ್ಲ ಇದೇ ಕೊನೆಯದು ಎಂದು ಸಾರಬೇಕು, ಇಲ್ಲದಿದ್ದರೆ ಊಟಕ್ಕೆ ನಿಲ್ಲುತ್ತಾನೆ, ಊಟಕ್ಕೆ ನಿಂತವ ಮಾರನೇ ದಿನದ ಊಟಕ್ಕೂ ನಿಲ್ಲುತ್ತಾನೆ. ಸುಬ್ಬ ಆಗ ಮೂರನೇ ತಟ್ಟೆ ಅವಲಕ್ಕಿಯಲ್ಲಿದ್ದ. ನಾಲ್ಕು ವರ್ಷದಿಂದ ಬೈಂದೂರಿನಲ್ಲಿ ಮಧ್ಯಾಹ್ನ ಹನ್ನೆರಡಕ್ಕೇ ಬಸ್ಸು ಯಾಕೆ ಮುಗಿದುಹೋಗುತ್ತದೆ ಎಂದು ಅವನಿಗೆ ಈಗ ಅರ್ಥವಾಯಿತು. ಅವನು ತಟ್ಟೆ ಕೆಳಗಿಡಲಿಲ್ಲ, ಆದರೆ ಅಗಿಯುವುದನ್ನು ನಿಲ್ಲಿಸಿದ.

"ಭಾವ, ಬಸ್ಸ್ ಇತ್ತಾ ಹಂಗಾರೆ? ಇನ್ ನಾ ನಿಧಾನಕ್ಕೇ ಹೋತೆ," ಎಂದ.

ಗಣಪ ಟಿ.ವಿ. ಆರಿಸಲು ನೋಡಿದ. ರಿಮೋಟ್ ಸಿಗಲಿಲ್ಲ. ಪರದೆಗೆ ಅಡ್ಡ ನಿಂತ. ಅಕ್ಷರಗಳು ಅವನ ಬಿಳಿ ಅಂಗಿಯ ಎರಡು ಬದಿಯಲ್ಲೂ ಕಾಣುತ್ತಿದ್ದವು, ಜನ ಅತ್ತ ಇತ್ತ ಬಾಗಿ ಓದಿಕೊಂಡರು. ಅಷ್ಟರಲ್ಲಿ ದೀಕ್ಷಾ ಪುಟದ ಕೊನೆಯ ಸಾಲಿಗೆ ಬಂದಿದ್ದಳು. "ಒಂಬತ್ತೂ ಹದಿನೆಂಟರ ರತನ್ ಶೆಟ್ರ ಬಸ್ಸು. ಇದರ ಗುಟ್ಟು ಏನೆಂದರೆ," ಎಂದು ಓದಿ ನಿಂತಳು. ಅಲ್ಲಿಗೆ ಪುಟ ಮುಗಿದಿತ್ತು. ಮುಂದಿನ ಪುಟಕ್ಕೆ ಒಂದು ಕೀಲಿ ಒತ್ತಬೇಕು.

ಆ ಗುಟ್ಟು ನನಗೆ ಗೊತ್ತಿತ್ತು. ಒಂಬತ್ತೂ ಹದಿನೆಂಟಕ್ಕೆ ಶೆಟ್ಟರ ಬಸ್ಸು, ಇಪ್ಪತ್ತಕ್ಕೆ ಸುಶಾಂತನ ಬಸ್ಸು, ಎರಡೂ ಕುಂದಾಪುರಕ್ಕೆ. ಶೆಟ್ಟರ ಅಪ್ಪಣೆಯ ಮೇರೆಗೆ ಯಂತ್ರ ಅವರ ಬಸ್ಸನ್ನು ದಿನಾ ಎರಡು ನಿಮಿಷ ತಡವಾಗಿ ಸಾರುತ್ತದೆ. ಸುಶಾಂತನ ಬಸ್ಸಿಗೆ ಬಂದವರೆಲ್ಲ ಎದುರಿಗೆ ನಿಂತ ಶೆಟ್ಟರ ಬಸ್ಸು ಹತ್ತಿ ಹೋಗುತ್ತಾರೆ. ಯಂತ್ರ ಸುಳ್ಳು ಹೇಳದು ಎಂದು ನಂಬಿದ ಸುಶಾಂತ್ ತನ್ನ ವಾಚೇ ಎರಡು ನಿಮಿಷ ಮುಂದೆ ಓಡುತ್ತಿದೆ ಎಂದು ಮೂರು ಸಲ ನನ್ನಲ್ಲಿಗೆ ತಂದಿದ್ದ. ಚೆನ್ನಾಗಿಯೇ ಇದ್ದ ವಾಚನ್ನು ನಾನು ಮೂರು ಸಲವೂ ರಿಪೇರಿ ಮಾಡಿಕೊಟ್ಟೆ. ಬಂದ ಒಬ್ಬ ಗಿರಾಕಿಯನ್ನು ನಿಜ ಹೇಳಿ ಕಳೆದುಕೊಳ್ಳುವಷ್ಟು ನಾನು ಶ್ರೀಮಂತನಲ್ಲ.

ಈಗ ಸುಶಾಂತ್ ಕುರ್ಚಿಯಿಂದ ಅರ್ಧ ಎದ್ದು, ಮುಂದಿನ ಪುಟ ಹಾಕಪ್ಪ ಎಂದ. ಹಾಲಿನಲ್ಲಿದ್ದ ನೂರು ಮಂದಿಯೂ ಮುಂದಿನ ಪುಟ ಹಾಕು ಎಂದರು. ರತನ್ ಶೆಟ್ಟರ ತೂಕದ ಮನುಷ್ಯ ಅಷ್ಟು ವೇಗವಾಗಿ ಓಡಿದ್ದನ್ನು ನಾನು ಹಿಂದೆ ನೋಡಿದ್ದಿಲ್ಲ. ಕಿಟಕಿಯ ಒಳಗೆ ನುಗ್ಗಿ ಎರಡೂ ಅಂಗೈಯನ್ನು ಕೀಲಿಮಣೆಯ ಮೇಲೆ ಬಡಿದರು. ಕೈಗೆ ಸಿಕ್ಕಿದ ಕೀಲಿಗಳಲ್ಲಿ ಪುಟ ಮುಚ್ಚುವುದೂ ಇತ್ತು, ವೈ ಎಂಬುದೂ ಇತ್ತು, ಎಂಟರೂ ಇತ್ತು. ಫೈಲು ಮಾಯವಾಯಿತು. ಹೊಸ ಫೈಲು ಹಾಕಲಾಗಿದೆ ಎಂದು ಯಂತ್ರ ತಿಳಿಸಿ ಉಳಿದ ಕೆಲಸವನ್ನು ಐದು ನಿಮಿಷದಲ್ಲಿ ಮುಗಿಸಿತು.

"ಊರಿನ ಮರ್ಯಾದಿ ತೆಗ್ದೆ ನೀನ್. ನಾಳೆಯಿಂದ ಬಪ್ಪುದ್ ಬೇಡ," ಎಂದು ಶೆಟ್ಟರು ಗಣಪನಿಗೆ ಹೇಳಿದರು. ಅವನು ಬೋರ್ಡನ್ನು ಕಳಚಿ ಕಂಕುಳಲ್ಲಿಟ್ಟುಕೊಂಡು ಹೋದ. ನನಗೆ ನಿಜವಾಗಿ ಬೇಸರವಾಯಿತು.

ಮಾರನೇ ದಿನದಿಂದ ಬೈಂದೂರಿನಲ್ಲಿ ಹಿಂದೆಂದೂ ಕಾಣದ ಪ್ರಸಂಗ. ಏಳೂ ನಲವತ್ತೆರಡರ ಬಸ್ಸು ಏಳೂ ನಲವತ್ತೆರಡಕ್ಕೇ ಹೊರಟಿತು. ಸೀತು ಬುಟ್ಟಿ ಹೊತ್ತು ಓಡಿ ಬರುವಾಗ ಧೂಳು ಮಾತ್ರ ಇತ್ತು. ಗೋಳಿಹೊಳೆಯಲ್ಲಿ ಎರಡು ದಿನ ಮೀನಿಲ್ಲ, ಅಲ್ಲಿನವರು ಸಿಟ್ಟಿನಲ್ಲಿ ಮೊಟ್ಟೆ ತಿಂದರು. ಎಂಟೂ ಹತ್ತರ ಬಸ್ಸು ಹೊರಡುವಾಗ ಕುಸುಮಾವತಿ ಟೀಚರು ಎರಡನೇ ಬನ್ಸ್ ಮುರಿಯುತ್ತಿದ್ದರು. ಅವರು ತಡವಾಗಿ ಹೋದ ದಿನವೇ ಶಾಲೆಗೆ ಇನ್‌ಸ್ಪೆಕ್ಷನ್ ಬಂದಿತ್ತು, ಹಾಗಾಗಿ ಮೇಲಿನವರಿಗೆ ಬರೆಯುವ ಬದಲು ಮೇಲಿನವರೇ ಅವರಿಗೆ ಬರೆದರು. ಹೇಳಿದ ವೇಳೆಗೆ ಬಸ್ಸು ಬಿಡುತ್ತದೆ ಎಂದು ಯಾರಿಗೆ ಗೊತ್ತಿತ್ತು? ಬಸ್ಸುಗಳು ಖಾಲಿ ಖಾಲಿ ಓಡಿದವು. ಜನ ಸ್ಟ್ಯಾಂಡಿನಲ್ಲಿ ನಿಂತು ಅವುಗಳ ಬೆನ್ನು ನೋಡಿದರು. ಶೆಟ್ಟರ ಬಸ್ಸೂ ಹದಿನೆಂಟಕ್ಕೇ ಹೊರಟಿತು. ಸುಶಾಂತನ ಬಸ್ಸೊಂದೇ ತುಂಬಿ ಹೋಯಿತು, ಅವನು ನನ್ನಲ್ಲಿಗೆ ಬಂದು ವಾಚು ಈಗ ಚೆನ್ನಾಗಿದೆ ಎಂದು ಹೊಗಳಿದ. ಹಾಗಿದ್ದರೂ ಆ ಗುಟ್ಟು ಏನು ಎಂದು ಅವನು ಕಂಡವರನ್ನೆಲ್ಲ ಕೇಳುತ್ತಲೇ ಇದ್ದ.

ಗಣಪನ ಮನೆಯ ಕಥೆ ಬೇರೆ. ಬಸ್ಸು ಸಂಜೆಯವರೆಗೂ ಇದೆ ಎಂದು ಖಾತ್ರಿಯಾದ ಸುಬ್ಬ ಭಾವ ಅಲ್ಲೇ ನಿಂತ. ಗುರುವಾರ ನಿಂತ, ಶುಕ್ರವಾರ ನಿಂತ, ಶನಿವಾರ ಕೋರಿ ರೊಟ್ಟಿಯ ಬಗ್ಗೆ ವಿಚಾರಿಸಿದ. ಗಣಪನ ಹೆಂಡತಿ ಅಣ್ಣನಿಗೆ ಏನೂ ಹೇಳಲಾಗದೆ, ಗಂಡನಿಗೆ ಎಲ್ಲವನ್ನೂ ಹೇಳಿದಳು.

ಶೆಟ್ಟರು ಗುಟ್ಟಾಗಿ ಮಿಥುನನನ್ನು ಕರೆಸಿ, ಹಳೇ ಫೈಲು ಸಿಕ್ಕೀತೇ ಎಂದು ಕೇಳಿದ್ದು ನನ್ನ ಪೆಟ್ಟಿಗೆಯ ಪಕ್ಕದಲ್ಲೇ. ಹಳತು ಎಲ್ಲಿಗೂ ಹೋಗಿಲ್ಲ, ಯಂತ್ರ ಅದಕ್ಕೊಂದು ಬೇರೆ ಹೆಸರಿಟ್ಟು ಪಕ್ಕದಲ್ಲೇ ಇಟ್ಟುಕೊಂಡಿರುತ್ತದೆ ಎಂದ ಅವನು. ಆದರೆ ಅದನ್ನು ಹಾಗೇ ಎತ್ತಿ ಹಾಕಿದರೆ ಹೊಸ ಆವೃತ್ತಿ ಒಪ್ಪುವುದಿಲ್ಲ. ಒಂದೊಂದೇ ಸಾಲನ್ನು ನೋಡಿ, ಇದು ಯಾರದ್ದು, ಯಾಕೆ, ಈಗಲೂ ಬೇಕೇ ಎಂದು ತಿಳಿದು ಹೊಸದರೊಳಗೆ ಕೂಡಿಸಬೇಕು. ಆ ಫೈಲು ತುಂಬ ಊರಿನ ಸಮಾಚಾರ. ಕುಂದಾಪುರದಲ್ಲಿ ಕೂತ ತನಗೆ ಅದು ತಿಳಿಯದು.

"ಅದ್ಕೆ ಗಣಪಣ್ಣನೇ ಆಯ್ಕ್. ಬೇರೆ ಯಾರಿಗೂ ಆತಿಲ್ಲೆ," ಎಂದು ಮಿಥುನ್ ಹೇಳಿದ.

ಭಾನುವಾರ ಶೆಟ್ಟರು ಗಣಪನ ಮನೆಗೆ ಹೋದರು. ಗಣಪ ಜಂಬ ಮಾಡಬೇಕೆಂದು ಮನಸ್ಸಿನಲ್ಲೇ ನಾಲ್ಕು ಮಾತು ಸಿದ್ಧ ಮಾಡಿಕೊಂಡಿದ್ದನಂತೆ. ಆದರೆ ಅವನು ಬಾಯಿ ತೆರೆಯುವ ಮೊದಲೇ ಅವನ ಹೆಂಡತಿ ಒಳಗಿನಿಂದ, ಇವತ್ತೇ ಬತ್ರ್, ಈಗ್ಲೇ ಕರ್ಕಂಡ್ ಹೋಯ್ನಿ ಎಂದುಬಿಟ್ಟಳು. ನೌಕರಿಯ ಮಾತು ಮಾತ್ರ ಇತ್ಯರ್ಥವಾಗಲಿಲ್ಲ. ಮೊದಲು ಫೈಲು ಸರಿ ಮಾಡು, ಉಳಿದದ್ದು ಆಮೇಲೆ ನೋಡುವ ಎಂದು ಶೆಟ್ಟರು ಜಾರಿಕೊಂಡರು. ಆಮೇಲೆ ನೋಡುವ ಎಂದು ಶೆಟ್ಟರು ಹೇಳಿದ ಸಂಗತಿಗಳನ್ನು ಯಾರೂ ಆಮೇಲೆ ನೋಡಿದ್ದಿಲ್ಲ ಎಂಬುದು ಗಣಪನಿಗೂ ಗೊತ್ತಿತ್ತು.

ಸೋಮವಾರ ಬೆಳಿಗ್ಗೆ ಅವನು ಬಂದು ಕೂತಾಗ ಸ್ಟ್ಯಾಂಡು ತುಂಬಿತ್ತು. ಗುರುವಾರಕ್ಕಿಂತ ಹೆಚ್ಚು ಜನ. ಗಣಪ ಹಳೇ ಮೈಕನ್ನು ತೆಗೆದು ಕಿಟಕಿಯಿಂದ ಹೊರಗಿಟ್ಟು, ಇನ್ನು ಮುಂದೆ ತಾನು ಗುಟ್ಟಾಗಿ ಏನೂ ಬರೆಯುವುದಿಲ್ಲ, ಯಾರಿಗೆ ಎಷ್ಟು ನಿಮಿಷ ಬೇಕೋ ಅವರೇ ಬಂದು ಎಲ್ಲರೆದುರು ಮೈಕಿನಲ್ಲಿ ಹೇಳಬೇಕು, ಹೇಳಿದ್ದನ್ನು ಕೂಡಿಸುತ್ತೇನೆ ಎಂದ. ಅದು ಅವನು ಯೋಚಿಸಿ ಮಾಡಿದ ಉಪಾಯವೋ, ಇನ್ನೊಮ್ಮೆ ಬೈಗುಳ ತಿನ್ನುವ ಹೆದರಿಕೆಯೋ ನನಗೆ ಇವತ್ತಿಗೂ ತಿಳಿದಿಲ್ಲ.

ಮೊದಲು ಬಂದದ್ದು ಸೀತು. ಅವಳಿಗೆ ಮೈಕಿನ ಅಗತ್ಯವಿರಲಿಲ್ಲ, ಆದರೂ ಹಿಡಿದುಕೊಂಡಳು.

"ನಂಗೆ ಮೂರ್ ನಿಮಿಷ ಬೇಕ್. ನನ್ ಬಾಯಿ ಜೋರೇ, ಬರ್ಕೋ," ಎಂದಳು.

ಜನ ಚಪ್ಪಾಳೆ ತಟ್ಟಿದರು. ಕುಸುಮಾವತಿ ಟೀಚರು ಬಂದು, ತನಗೆ ಐದು ನಿಮಿಷದ ಸುಳ್ಳು ಬೇಕು, ಬನ್ಸ್ ವಿಷಯ ಇರಲಿ, ಮೈನಸ್ ಮಾತ್ರ ಬೇಡ ಎಂದು ಶುದ್ಧ ವ್ಯಾಕರಣದಲ್ಲಿ ಹೇಳಿದರು. ಗಣಪನ ಹೆಂಡತಿ ಬಂದು ಅಣ್ಣನ ಎದುರಿಗೇ ಅಣ್ಣನ ಸಾಲನ್ನು ಕೇಳಿದಳು. ಸುಬ್ಬ ಆಕ್ಷೇಪಿಸಲಿಲ್ಲ, ಊಟ ಆದ ಮೇಲಿನ ಬಸ್ಸು ಕೊನೆಯದಾಗಲಿ ಎಂದು ಒಂದು ತಿದ್ದುಪಡಿ ಮಾತ್ರ ಸೂಚಿಸಿದ. ಗಣಪ ಒಂದೊಂದನ್ನೂ ಎರಡು ಬೆರಳಿನಿಂದ ಕುಟ್ಟಿ ಸೇರಿಸಿದ. ಒಂಬತ್ತೂ ಹತ್ತರ ಹೊತ್ತಿಗೆ ಊರಿನವರ ಸಾಲೆಲ್ಲ ಮುಗಿಯಿತು.

ರತನ್ ಶೆಟ್ಟರು ಅಷ್ಟು ಹೊತ್ತೂ ಕಿಟಕಿಯ ಬದಿಯಲ್ಲಿ ನಿಂತು, ನನ್ನದು, ನನ್ನದು ಎಂದು ಕಣ್ಣಲ್ಲೇ ಹೇಳುತ್ತಿದ್ದರು. ಗಣಪ ಮುಗಿಯಿತು ಎಂದು ಕೈ ಒರೆಸಿಕೊಂಡಾಗ ಅವರು ಬಗ್ಗಿ ಅವನ ಕಿವಿಯ ಹತ್ತಿರ ಏನೋ ಅಂದರು. ಗಣಪ ತಲೆಯೆತ್ತಿ, ಬಹಳ ವಿನಯದಿಂದ, ಎಲ್ಲರಿಗೂ ಕೇಳುವ ಹಾಗೆ ಮಾತಾಡಿದ.

"ಶೆಟ್ರೆ, ನಿಮ್ದೊಂದ್ ಸಾಲ್ ಬಾಕಿ ಇತ್ತಾ? ಮೈಕಗೆ ಹೇಳಿ, ಹಾಕ್ತೆ."

ಸುಶಾಂತ್ ಚಹಾದ ಲೋಟ ಕೆಳಗಿಟ್ಟು ಹತ್ತಿರ ಬಂದು ಕೈಕಟ್ಟಿ ನಿಂತ. ದೀಕ್ಷಾ ಓದಲು ಏನಾದರೂ ಸಿಕ್ಕೀತೇ ಎಂದು ಟಿ.ವಿ. ನೋಡುತ್ತಿದ್ದಳು. ಶೆಟ್ಟರು ಮೈಕ್ ಕೈಗೆ ತೆಗೆದುಕೊಂಡದ್ದಾಗಿತ್ತು, ತೆಗೆದುಕೊಂಡ ಮೇಲೆ ಏನಾದರೂ ಹೇಳಲೇಬೇಕು. ಗಂಟಲು ಸರಿಮಾಡಿಕೊಂಡರು. ಮಹನೀಯರೇ ಎಂದರು. ನಮ್ಮ ಸಂಘಕ್ಕೆ ಗಣಪನಂಥ ನೌಕರ ಸಿಗುವುದು ಕಷ್ಟ ಎಂದರು. ಸುಶಾಂತ್ ಇನ್ನೂ ಒಂದು ಹೆಜ್ಜೆ ಮುಂದೆ ಬಂದ. ಶೆಟ್ಟರು ಬೆವರು ಒರೆಸಿಕೊಂಡು, ಗಣಪನ ಕೆಲಸ ಇವತ್ತಿನಿಂದ ಕಾಯಂ, ಅವನನ್ನು ಇಲ್ಲಿಂದ ಯಾರೂ ತೆಗೆಯುವಂತಿಲ್ಲ, ಅಧ್ಯಕ್ಷನಾಗಿ ನಾನು ಹೇಳುತ್ತಿದ್ದೇನೆ ಎಂದರು. ಜನ ಕೂಗಿ ಚಪ್ಪಾಳೆ ತಟ್ಟಿದರು. ಗಣಪ ಎದ್ದು ನಿಂತು ಕೈಮುಗಿದ, ಅವನ ಕಣ್ಣಲ್ಲಿ ನೀರು ಬಂದಿತ್ತು.

ಶೆಟ್ಟರು ಭಾಷಣವನ್ನು ಇನ್ನೂ ಹೇಗೆ ಎಳೆಯಬಹುದು ಎಂದು ಯೋಚಿಸುತ್ತಿರುವಾಗ ಯಂತ್ರ ಅವರ ಮಾತನ್ನು ಅರ್ಧಕ್ಕೆ ತಡೆದು, ಒಂಬತ್ತೂ ಹದಿನೆಂಟರ ಕುಂದಾಪುರ ಬಸ್ಸು ಈಗ ಹೊರಡುತ್ತಿದೆ ಎಂದು ಸಾರಿತು. ಪ್ರಯಾಣಿಕರೆಲ್ಲ ಭಾಷಣ ಕೇಳುತ್ತ ನಿಂತಿದ್ದರು. ಶೆಟ್ಟರದೇ ಆ ಬಸ್ಸು ಮೂರು ಜನರನ್ನು ಕೂರಿಸಿಕೊಂಡು ಅವರ ಬೆನ್ನ ಹಿಂದಿನಿಂದಲೇ ಹೋಯಿತು. ಅವರು ಮೈಕ್ ಹಿಡಿದುಕೊಂಡೇ ತಿರುಗಿ ನೋಡಿದರು, ಆದರೆ ಸುಶಾಂತನ ಎದುರಿಗೆ ನಿಲ್ಲಿಸು ಎಂದು ಹೇಳಲಿಲ್ಲ.